ಅಂಡಾಶಯದ ನೀರುಗಡ್ಡೆ: ಭಯವೂ ಬೇಡ, ಅಸಡ್ಡೆಯೂ ಬೇಡ

ಹೊಟ್ಟೆನೋವೆಂದು ಸ್ಕ್ಯಾನಿಂಗ್ ಮಾಡಿಸಿದಾಗ ವರದಿಯಲ್ಲಿ 'ಓವೇರಿಯನ್ ಸಿಸ್ಟ್' ಎಂದು ಬರೆದಿದ್ದರೆ ಸಾಕು, ಮನೆಮಂದಿಯ ಮುಖ ಬಾಡುತ್ತದೆ. ಗಡ್ಡೆ ಎಂದೊಡನೆ ನಮಗೆ ನೆನಪಾಗುವುದು ಕ್ಯಾನ್ಸರ್. ಆದರೆ ಮುಟ್ಟು ನಿಲ್ಲದ ವಯಸ್ಸಿನ ಮಹಿಳೆಯರಲ್ಲಿ ಕಾಣುವ ಹೆಚ್ಚಿನ ಸಿಸ್ಟ್‌ಗಳು ಕ್ಯಾನ್ಸರ್ ಅಲ್ಲ.

ಗರ್ಭಕೋಶದ ಇಕ್ಕೆಲಗಳಲ್ಲಿ ಬಾದಾಮಿಯಾಕಾರದ ಎರಡು ಅಂಡಾಶಯಗಳಿವೆ. ಪ್ರತಿ ತಿಂಗಳು ಅಲ್ಲಿ ನೀರು ತುಂಬಿದ ಪುಟ್ಟ ಕೋಶವೊಂದು ಬೆಳೆದು, ಸುಮಾರು 2 ಸೆಂ.ಮೀ. ಆದಾಗ ಒಡೆದು ಅಂಡಾಣು ಹೊರಬರುತ್ತದೆ. ಕೆಲವೊಮ್ಮೆ ಅದು ಒಡೆಯದೆ ಬೆಳೆಯುತ್ತಲೇ ಹೋಗುತ್ತದೆ. ಇಂತಹ ಬರೀ ನೀರಿನ ಸಿಸ್ಟ್ 5 ಸೆಂ.ಮೀ.ಗಿಂತ ಚಿಕ್ಕದಾಗಿದ್ದರೆ ಎರಡು ಮೂರು ಮುಟ್ಟು ಕಳೆಯುವಷ್ಟರಲ್ಲಿ ಸಾಮಾನ್ಯವಾಗಿ ತಾನಾಗಿಯೇ ಕರಗುತ್ತದೆ. 'ಕರಗಿಸುವ ಮಾತ್ರೆ' ಕೊಡಿ ಎಂದು ಅನೇಕರು ಕೇಳುತ್ತಾರೆ. ಗರ್ಭನಿರೋಧಕ ಮಾತ್ರೆ ಹೊಸ ಸಿಸ್ಟ್ ಬಾರದಂತೆ ತಡೆಯಬಹುದೇ ಹೊರತು ಇರುವುದನ್ನು ಬೇಗ ಕರಗಿಸುವುದಿಲ್ಲ. ಇಲ್ಲಿ ಕಾಯುವುದೇ ಚಿಕಿತ್ಸೆ. ಅಂದ ಹಾಗೆ, ಪಿಸಿಓಎಸ್ ಬೇರೆಯೇ ಸಮಸ್ಯೆ, ಇದರೊಂದಿಗೆ ಬೆರೆಸಬೇಡಿ.

ಕರಗದ ಸಿಸ್ಟ್‌ಗಳೂ ಇವೆ. ಡರ್ಮಾಯ್ಡ್ ಎಂಬುದರೊಳಗೆ ಕೂದಲು, ಕೊಬ್ಬು, ಕೆಲವೊಮ್ಮೆ ಹಲ್ಲೂ ಇರುತ್ತದೆ. ಇದನ್ನು ಕಂಡು ಮಾಟವೆಂದು ಹೆದರುವವರಿದ್ದಾರೆ! ಎಲ್ಲ ಬಗೆಯ ಅಂಗಾಂಶವಾಗಿ ಬೆಳೆಯಬಲ್ಲ ಅಂಡಾಣುವಿನ ಜೀವಕೋಶದಿಂದ ಅದು ಹುಟ್ಟುತ್ತದೆ, ಅಷ್ಟೆ. ಇನ್ನೊಂದು 'ಚಾಕೊಲೇಟ್ ಸಿಸ್ಟ್'. ಎಂಡೊಮೆಟ್ರಿಯೋಸಿಸ್‌ನಲ್ಲಿ ಹಳೆಯ ರಕ್ತ ಸೇರಿ ಆಗುವಂಥದ್ದು. ಮುಟ್ಟಿನ ದಿನಗಳಲ್ಲಿ ಹಾಸಿಗೆ ಹಿಡಿಸುವ ನೋವು, ಗರ್ಭ ನಿಲ್ಲದಿರುವುದು ಇದರ ಲಕ್ಷಣಗಳು. ಮಗಳು ತಿಂಗಳು ತಿಂಗಳೂ ನರಳುತ್ತಿದ್ದರೆ 'ಮದುವೆಯಾದರೆ ಸರಿಹೋಗುತ್ತದೆ' ಎನ್ನುವ ತಾಯಂದಿರೇ, ದಯವಿಟ್ಟು ಆಕೆಯನ್ನು ವೈದ್ಯರಲ್ಲಿಗೆ ಕರೆದೊಯ್ಯಿರಿ. ಅವಿವಾಹಿತೆಯರಿಗೆ ಹೊಟ್ಟೆಯ ಮೇಲಿನಿಂದಲೇ ಸ್ಕ್ಯಾನ್ ಮಾಡುತ್ತಾರೆ, ಒಳಪರೀಕ್ಷೆಯ ಅಂಜಿಕೆ ಬೇಡ.

ಹಠಾತ್ತನೆ ಒಂದು ಬದಿಯಲ್ಲಿ ಸಹಿಸಲಾಗದ ನೋವು, ಜೊತೆಗೆ ವಾಂತಿ ಬಂದರೆ ಅಂಡಾಶಯ ತಿರುಚಿಕೊಂಡಿರಬಹುದು. ಬೆಳಗಾಗಲೆಂದು ಕಾಯಬೇಡಿ. ಗಂಟೆಗಳೊಳಗೆ ಶಸ್ತ್ರಚಿಕಿತ್ಸೆಯಾದರೆ ಅಂಡಾಶಯ ಉಳಿಯುತ್ತದೆ. ಮುಟ್ಟು ನಿಂತ ಬಳಿಕ ಕಾಣಿಸಿಕೊಂಡ ಸಿಸ್ಟನ್ನೂ ಹಗುರವಾಗಿ ತೆಗೆದುಕೊಳ್ಳಬಾರದು. ಆಗ ಸಿಎ-125 ರಕ್ತಪರೀಕ್ಷೆ ಮಾಡಿಸುತ್ತಾರೆ. ಎಳೆಯರಲ್ಲಿ ಎಂಡೊಮೆಟ್ರಿಯೋಸಿಸ್, ಮುಟ್ಟು ಇತ್ಯಾದಿಗಳಿಂದಲೂ ಇದು ಏರುತ್ತದೆ. ಆದ್ದರಿಂದ ಆ ಒಂದು ಅಂಕಿ ನೋಡಿ ಕಂಗಾಲಾಗಬೇಕಿಲ್ಲ.

ಶಸ್ತ್ರಚಿಕಿತ್ಸೆ ಬೇಕೆಂದರೆ ಒಂದು ಪ್ರಶ್ನೆ ಕೇಳಲೇಬೇಕು: 'ಸಿಸ್ಟ್ ಮಾತ್ರ ತೆಗೆಯುತ್ತೀರಾ, ಅಂಡಾಶಯವನ್ನೂ ತೆಗೆಯುತ್ತೀರಾ?' ಲ್ಯಾಪರೊಸ್ಕೋಪಿಯಲ್ಲಿ ಸಣ್ಣ ರಂಧ್ರಗಳ ಮೂಲಕ ಸಿಸ್ಟನ್ನಷ್ಟೇ ಬಿಡಿಸಿ ತೆಗೆಯಬಹುದು. ಒಂದು ಅಂಡಾಶಯ ಹೋದರೂ ಇನ್ನೊಂದು ಆರೋಗ್ಯವಾಗಿದ್ದರೆ ಮಕ್ಕಳಾಗುತ್ತವೆ. ಸಂಬಂಧ ಕುದುರಿಸುವವರು ಇದನ್ನು ತಿಳಿದಿರಲಿ. ಸಾಮಾನ್ಯ ಸಿಸ್ಟ್‌ಗೆ 'ಮಕ್ಕಳಾಗಿವೆಯಲ್ಲ, ಗರ್ಭಕೋಶವನ್ನೇ ತೆಗೆದುಬಿಡೋಣ' ಎಂಬ ಸಲಹೆ ಬಂದರೆ ಇನ್ನೊಬ್ಬ ವೈದ್ಯರ ಅಭಿಪ್ರಾಯ ಪಡೆಯದೆ ಸಹಿ ಹಾಕಬೇಡಿ. ಬಿಹಾರ, ಛತ್ತೀಸ್‌ಗಢ, ರಾಜಸ್ಥಾನಗಳಲ್ಲಿ ಅನಗತ್ಯವಾಗಿ ಗರ್ಭಕೋಶ ತೆಗೆದ ಪ್ರಕರಣಗಳು ಸುಪ್ರೀಂ ಕೋರ್ಟಿನವರೆಗೆ ಹೋಗಿ, 2023ರ ಎಪ್ರಿಲ್‌ನಲ್ಲಿ ನ್ಯಾಯಾಲಯವು ಇದನ್ನು ತಡೆಯುವ ಮಾರ್ಗಸೂಚಿ ಜಾರಿಗೊಳಿಸಲು ರಾಜ್ಯಗಳಿಗೆ ಆದೇಶಿಸಿತ್ತು.

ಸಿಸ್ಟ್‌ನಿಂದ ಮುಟ್ಟು ಏರುಪೇರಾದಾಗ ನಮಾಝಿನ ಗೊಂದಲ ಸಹಜ. ನಿಲ್ಲದ ರಕ್ತಸ್ರಾವದ ಬಗ್ಗೆ ಫಾತಿಮಾ ಬಿಂತ್ ಅಬೀ ಹುಬೈಶ್(ರ) ಪ್ರವಾದಿಯವರಲ್ಲೇ(ಸ) ನೇರವಾಗಿ ಕೇಳಿದ್ದರು. ಅದು ಮುಟ್ಟಲ್ಲ, ಮುಟ್ಟಿನ ದಿನಗಳು ಕಳೆದ ಮೇಲೆ ನಮಾಝ್ ಮಾಡಬೇಕೆಂಬ ಉತ್ತರ ಸಿಕ್ಕಿತ್ತು. ಅವರು ಕೇಳಲು ನಾಚಲಿಲ್ಲ. ನೀವೂ ವೈದ್ಯರೊಡನೆ ಬಾಯಿಬಿಟ್ಟು ಹೇಳಿ. ಮರುಸ್ಕ್ಯಾನನ್ನು ಮುಟ್ಟು ಮುಗಿಯುತ್ತಿದ್ದಂತೆ ಮಾಡಿಸುವುದು ಒಳ್ಳೆಯದು. ಅದಕ್ಕೆ ನೀರು ಕುಡಿದು ಮೂತ್ರಕೋಶ ತುಂಬಿಸಿಕೊಳ್ಳಬೇಕಾಗುವುದರಿಂದ, ರಮಝಾನಿನಲ್ಲಾದರೆ ಉಪವಾಸವಿಲ್ಲದ ಮುಟ್ಟಿನ ಕೊನೆಯ ದಿನವೇ ಅನುಕೂಲ.