ಬೆಳಕಿನ ಶುದ್ಧಿಯೂ ತಾಲ್ಲೂಕು ಆಸ್ಪತ್ರೆಗಳೂ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳು 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿದುವಷ್ಟೆ. ಕಲ್ಯಾಣ ಕರ್ನಾಟಕದ ವಿಶೇಷ ಅನುದಾನದಿಂದ ಇಲ್ಲಿಯ ಆಸ್ಪತ್ರೆಗಳಿಗೆ ಉಪಕರಣ ಕೊಳ್ಳುವವರು ಒಂದು ವಿಷಯವನ್ನು ವಿವೇಚಿಸಬೇಕಾಗಿದೆ. 2020ರ ಕೊರೋನಾ ಹಾವಳಿಯಲ್ಲಿ ಮುಖಗವಸುಗಳು ಸಾಲದೆ, ಬಳಸಿದವನ್ನೇ ನೇರಳಾತೀತ ಕಿರಣಕ್ಕೊಡ್ಡಿ ಮರಳಿ ಬಳಸುವ ಪದ್ಧತಿಯು ಹಲವು ದೇಶಗಳಲ್ಲಿ ಹಬ್ಬಿತು. ಆ ಕಾಲದಲ್ಲಿ ಬೀಗದ ಕೈಯಿಂದ ತರಕಾರಿಯವರೆಗೆ ಸಕಲವನ್ನೂ ಶುದ್ಧಿಮಾಡುವೆವೆಂದು ದೀಪದ ಪೆಟ್ಟಿಗೆ ಮಾರಿದವರನ್ನು ಜನತೆಯು ಮರೆತಿರಲಾರದು!

ಈ ಕಿರಣವು ನಿಷ್ಪ್ರಯೋಜಕವೆಂಬುದು ನಮ್ಮ ವಾದವಲ್ಲ. 254 ನ್ಯಾನೋಮೀಟರಿನ ಬೆಳಕು ವೈರಾಣುವಿನ ಆನುವಂಶಿಕ ದ್ರವ್ಯವನ್ನೇ ಕೆಡಿಸಿ ಅದರ ಸಂತಾನವನ್ನು ನಿಲ್ಲಿಸುವುದು. ಸ್ತ್ರೀರೋಗ ಪರೀಕ್ಷೆಗಾಗಿ ಶರೀರದೊಳಗಿಡುವ ಸ್ಕ್ಯಾನಿಂಗ್ ಪ್ರೋಬು ಉಗಿಯ ಕಾವನ್ನು ತಾಳದು. ಗರ್ಭಕೊರಳಿನ ಕ್ಯಾನ್ಸರಿಗೆ ಕಾರಣವಾದ ಪ್ಯಾಪಿಲೋಮಾ ವೈರಾಣುವಾದರೋ ಗ್ಲುಟರಾಲ್ಡಿಹೈಡ್ ದ್ರಾವಣಕ್ಕೆ ಬಗ್ಗದೆ ಉಳಿದುದು ಕೆಲವು ಪ್ರಯೋಗಗಳಲ್ಲಿ ಕಂಡುಬಂದಿದೆ. ಇಂಥಲ್ಲಿ, ಪರೀಕ್ಷಿತವಾದ ಯಂತ್ರಕ್ಕೆ ಹಣ ಕೊಡುವುದು ದುಂದಲ್ಲ.

ಆದರೆ ಬೆಳಕು ಬಿದ್ದಲ್ಲಿ ಮಾತ್ರವೇ ಅದರ ಆಳ್ವಿಕೆ. ಕತ್ತರಿಯ ಕೀಲು, ನಳಿಗೆಯ ಒಳಮೈ, ಒಣಗಿದ ನೆತ್ತರಿನ ಅಡಿ ಇವೆಲ್ಲ ನೆರಳು. ಅಲ್ಲಿ ಅಡಗಿದ ವೈರಾಣು ಮುಂದಿನ ರೋಗಿಗೆ ದಾಟುವುದು. ದೀಪವು ಹಳತಾದಂತೆ ನೀಲಿ ಹೊಳಪು ಉಳಿದೇ ಶಕ್ತಿ ಕುಗ್ಗುವುದು. ಮಾಪಕವಿಲ್ಲದೆ ದಾದಿಯು ಅದನ್ನು ತಿಳಿಯುವುದೆಂತು? ಹೆರಿಗೆಯ ಕತ್ತರಿಗೂ ಶಸ್ತ್ರಕ್ರಿಯೆಯ ಇಕ್ಕುಳಕ್ಕೂ 121 ಡಿಗ್ರಿ ಸೆಲ್ಸಿಯಸಿನ ಒತ್ತಡದ ಉಗಿಯೇ ತಕ್ಕುದು. ಆದುದರಿಂದ ಆಟೋಕ್ಲೇವಿನ ದುರಸ್ತಿಯ ಹಣವನ್ನು ದೀಪದ ಪೆಟ್ಟಿಗೆಗೆ ತಿರುಗಿಸಕೂಡದು. ದೀಪವನ್ನು ಕೊಳ್ಳುವುದೇ ಆದರೆ ಮಾಪಕ, ಬದಲಿ ದೀಪಗಳ ವೆಚ್ಚ, ಮೊದಲು ತೊಳೆದು ಒರೆಸುವವರ ಶಿಕ್ಷಣ, ಇವಿಷ್ಟೂ ಟೆಂಡರಿನಲ್ಲಿಯೇ ಸೇರಿರತಕ್ಕದ್ದು.