ಬದುಕಿರುವವರ ಚರಿತ್ರೆ

ಡಿ. ವಿ. ಗುಂಡಪ್ಪನವರ ಹೆಸರಿನ ಮೊದಲಕ್ಷರವು ದೇವನಹಳ್ಳಿಯದು. ಅವರು 1887ರಲ್ಲಿ ಹುಟ್ಟಿದುದಾದರೋ ನಮ್ಮ ಮುಳಬಾಗಿಲಿನಲ್ಲಿ. ಹೆಸರನ್ನು ಕಂಡು ಊರನ್ನು ಊಹಿಸಿದವನು ತಪ್ಪುವನು. ಕಾಲವಾದವರ ವಿಷಯದಲ್ಲಿ ಇಂತಹುದನ್ನು ವಿದ್ವಾಂಸರು ನಿಧಾನವಾಗಿ ತಿದ್ದಿಯಾರು. ಬದುಕಿರುವವರ ಗತಿಯೇನು?

ಅಂತರ್ಜಾಲದ ವಿಶ್ವಕೋಶವಾದ ವಿಕಿಪೀಡಿಯದಲ್ಲಿ ಯಾರು ಬೇಕಾದರೂ ಬರೆಯಬಹುದಷ್ಟೆ. ಅಮೆರಿಕದ ವೃದ್ಧ ಪತ್ರಕರ್ತರಾದ ಜಾನ್ ಸೀಗೆನ್‌ಥಾಲರ್ ಎಂಬವರನ್ನು ಅಧ್ಯಕ್ಷ ಕೆನೆಡಿಯವರ ಕೊಲೆಯಲ್ಲಿ ಶಂಕಿಸಲಾಗಿತ್ತೆಂದು 2005ರಲ್ಲಿ ಯಾರೋ ಬರೆದರು. ಆ ಸುಳ್ಳು ನಾಲ್ಕು ತಿಂಗಳು ಹಾಗೆಯೇ ನಿಂತಿತು! ಅನಂತರ ಕಟ್ಟಳೆ ಬಿಗಿಯಾಯಿತು: ಜೀವಂತರನ್ನು ಕುರಿತ ವಿವಾದಾಸ್ಪದವಾದ ಮಾತಿಗೆ ನಂಬತಕ್ಕ ಪ್ರಕಟಿತ ಆಧಾರವಿಲ್ಲದಿದ್ದರೆ, ಚರ್ಚೆಗೆ ಕಾಯದೆ ಅದನ್ನು ತೆಗೆದುಹಾಕತಕ್ಕದ್ದು. ಹೊಗಳಿಕೆಗೂ ಇದೇ ಕಟ್ಟಳೆ.

ಮಾಲೂರು, ಶ್ರೀನಿವಾಸಪುರಗಳ ಮನೆಗಳಿಗೆ ಇದೇಕೆ ಎನ್ನುವಿರೋ? ಊರಿನ ಗಾಯಕಿಯೊಬ್ಬಳ ಮೇಲೆ 'ಕೇಳಿಬಂದಿದೆ' ಎಂದು ಬರೆದ ಒಂದು ಸಾಲು ಅವಳ ಮಗಳ ನೆಂಟಸ್ತಿಕೆಯನ್ನೇ ಮುರಿದೀತು. 2003ರಲ್ಲಿ ಮೊದಲಾದ ಕನ್ನಡ ವಿಕಿಪೀಡಿಯದಲ್ಲಿ ತಿದ್ದುವ ಕೈಗಳೂ ಕಡಮೆ. ಮನೆಯ ಹುಡುಗರು ಅಲ್ಲಿ ಬರೆಯಕುಳಿತಾಗ ಪತ್ರಿಕೆಯ ಹೆಸರನ್ನೂ ತಾರೀಖನ್ನೂ ತೋರಿಸೆಂದು ತಾಯಂದಿರು ಕೇಳಲಿ. 'ಅಜ್ಜಿ ಹೇಳಿದಳು' ಎಂಬುದು, ಅಜ್ಜಿಯಂದಿರು ನಮ್ಮನ್ನು ಕ್ಷಮಿಸಬೇಕು, ಅಲ್ಲಿ ಆಧಾರವಾಗದು.