ಮನೆಯೇ ಗರಡಿಯಾಗಲಿ

ಬಲಸಾಧನೆಯೆಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಗರಡಿಮನೆ, ಗದೆ, ಜಟ್ಟಿಗಳ ತೋಳು. ಸ್ತ್ರೀಯರಿಗೂ ಇದಕ್ಕೂ ಏನು ಸಂಬಂಧವೆಂದು ಹುಬ್ಬೇರಿಸುವವರು ಇಂದಿಗೂ ಉಂಟು. ಅಂಥವರು ಅಮೆರಿಕದ ಕಪ್ಪು ಮಹಿಳೆಯರ ಸ್ಥಿತಿಯನ್ನು ಕೊಂಚ ಪರಿಶೀಲಿಸಬೇಕು.

ಆ ದೇಶದಲ್ಲಿ ವಯಸ್ಕ ಕಪ್ಪು ಮಹಿಳೆಯರ ಪೈಕಿ ಅರ್ಧಕ್ಕಿಂತ ಹೆಚ್ಚು ಮಂದಿ ರಕ್ತದೊತ್ತಡದಿಂದ ಬಳಲುತ್ತಿದ್ದಾರೆ. ಸಕ್ಕರೆ ಕಾಯಿಲೆಯೂ ಬಿಳಿಯ ಮಹಿಳೆಯರಿಗಿಂತ ಅವರಲ್ಲೇ ಅಧಿಕ. ಇದಕ್ಕೆಲ್ಲ ಸೋಮಾರಿತನವೇ ಕಾರಣವೆಂದು ತೀರ್ಪು ಕೊಡುವುದು ಸುಲಭ. ಆದರೆ ಅದು ನ್ಯಾಯವಲ್ಲ. 1964ರ ಪೌರಹಕ್ಕುಗಳ ಶಾಸನ ಬರುವವರೆಗೂ ದಕ್ಷಿಣ ಸಂಸ್ಥಾನಗಳ ಅನೇಕ ಊರುಗಳಲ್ಲಿ ಈಜುಕೊಳ, ಉದ್ಯಾನಗಳ ಬಾಗಿಲು ಅವರ ಪಾಲಿಗೆ ಮುಚ್ಚಿತ್ತು. ಶಾಸನವು ಬಾಗಿಲನ್ನು ತೆರೆಯಿತು. ಆದರೆ ವ್ಯಾಯಾಮಶಾಲೆಯ ಶುಲ್ಕವನ್ನಾಗಲಿ, ದುಡಿದು ಬಂದ ಮೇಲೆ ಕಾದಿರುವ ಮನೆಗೆಲಸವನ್ನಾಗಲಿ ತೆಗೆದುಹಾಕಲಿಲ್ಲ. ಬೆವರಿದರೆ ಹಣ, ಹೊತ್ತು ಎರಡನ್ನೂ ಸುರಿದು ಸಿಂಗರಿಸಿದ ಕೂದಲು ಕೆಡುವುದೆಂಬ ಅಳುಕೂ ಒಂದು ಅಡ್ಡಿ. ಇದು ಕ್ಷುಲ್ಲಕವೆಂದು ನಗಬೇಡಿ. ಸ್ವತಃ ಕಪ್ಪು ಮಹಿಳೆಯಾದ, ಅಂದಿನ ಸರ್ಜನ್ ಜನರಲ್ ರೆಜಿನಾ ಬೆಂಜಮಿನ್ ಅವರು 2011ರಲ್ಲಿ ಅಟ್ಲಾಂಟಾದ ಕೇಶಾಲಂಕಾರ ಮೇಳಕ್ಕೇ ಹೋಗಿ ಈ ಮಾತನ್ನೆತ್ತಿದರು.

ಆದ್ದರಿಂದ, ಸ್ತ್ರೀ ಗರಡಿಗೆ ಹೋಗಲಾರದಿದ್ದರೆ ಗರಡಿಯೇ ಮನೆಗೆ ಬರಬೇಕು. ಕೈಯೂರದೆ ಕುರ್ಚಿಯಿಂದ ಏಳುವುದು, ಕೂರುವುದು. ಗೋಡೆಗೆ ಅಂಗೈಯಿಟ್ಟು ದಂಡ ಹೊಡೆಯುವುದು. ನೀರು ತುಂಬಿದ ಬಾಟಲಿಗಳನ್ನೆತ್ತುವುದು. ರಬ್ಬರ್ ಪಟ್ಟಿಯನ್ನು ಎಳೆಯುವುದು. ಇದಕ್ಕೆ ಹಣ ಬೇಡ, ಪ್ರಯಾಣ ಬೇಡ, ಪರರ ನೋಟದ ಸಂಕೋಚವೂ ಇಲ್ಲ. ವಾರಕ್ಕೆ ಕನಿಷ್ಠ 2 ದಿನ ಸ್ನಾಯುಗಳಿಗೆ ಇಂಥ ಸಾಧನೆ ಬೇಕೆಂದು ಆ ಸರ್ಕಾರದ 2018ರ ಮಾರ್ಗಸೂಚಿ ಹೇಳುತ್ತದೆ. ದುಡಿಯುವ ಸ್ನಾಯು ರಕ್ತದಲ್ಲಿನ ಸಕ್ಕರೆಯನ್ನು ಹೀರಿಕೊಳ್ಳುತ್ತದೆ; ಕ್ರಮವಾದ ಸಾಧನೆಯಿಂದ ರಕ್ತದೊತ್ತಡ ತಗ್ಗುತ್ತದೆ, ಮೂಳೆಗಳು ಗಟ್ಟಿಯಾಗುತ್ತವೆ.

ಮನೆಗೆಲಸವೇ ವ್ಯಾಯಾಮವಲ್ಲವೇ ಎಂದು ಕೆಲವರು ಕೇಳಬಹುದು. ಎರಡಕ್ಕೂ ಬಹಳ ಅಂತರವಿದೆ. ಮನೆಗೆಲಸ ದೇಹವನ್ನು ದಣಿಸುತ್ತದೆ. ಸಾಧನೆಯಾದರೋ ಭಾರವನ್ನು ಮೆಲ್ಲಮೆಲ್ಲನೆ ಏರಿಸಿ, ನಡುನಡುವೆ ವಿಶ್ರಾಂತಿ ಕೊಟ್ಟು, ದೇಹವನ್ನು ಬೆಳೆಸುತ್ತದೆ.

ವಯಸ್ಸು ಮೀರಿತೆನ್ನುವವರು ಬಾಲ್ಟಿಮೋರಿನ ಅರ್ನೆಸ್ಟೀನ್ ಶೆಫರ್ಡ್ ಅವರನ್ನು ನೋಡಲಿ. 56ನೆಯ ವಯಸ್ಸಿನಲ್ಲಿ ವ್ಯಾಯಾಮಕ್ಕೆ ತೊಡಗಿದ ಈ ಕಪ್ಪು ಮಹಿಳೆ, ಎಪ್ಪತ್ತು ದಾಟಿದ ಮೇಲೆ, 2010ರಲ್ಲಿ, ಸ್ಪರ್ಧೆಗಿಳಿದ ಅತ್ಯಂತ ಹಿರಿಯ ಮಹಿಳಾ ದೇಹದಾರ್ಢ್ಯಪಟುವೆಂದು ಗಿನ್ನೆಸ್ ದಾಖಲೆಗೆ ಸೇರಿದರು. ಎಲ್ಲರೂ ಅಷ್ಟೆತ್ತರಕ್ಕೆ ಏರಬೇಕಾಗಿಲ್ಲ. ತಡವಾಗಿ ತೊಡಗಿದರೂ ಫಲವುಂಟೆಂದು ತಿಳಿದರೆ ಸಾಕು.

ಆದರೆ, ಮನೆಯಲ್ಲೇ ಮಾಡಿಕೊಳ್ಳಿರೆಂದು ಹೇಳಿ ಸಮಾಜವು ಕೈತೊಳೆದುಕೊಳ್ಳಬಾರದು. ಕಲಿಸುವವರು, ಬಿಡುವು, ಎಟುಕುವ ವೈದ್ಯಸಹಾಯ ಇವು ಆಕೆಗೆ ದೊರೆಯಲೇಬೇಕು. ತಲೆಮಾರುಗಳಿಂದ ಪರರಿಗಾಗಿ ಸವೆದ ಆ ತೋಳುಗಳ ಬಲ ಇನ್ನಾದರೂ ಆಕೆಯ ಸ್ವಂತ ಆಯುರಾರೋಗ್ಯಕ್ಕೆ ಒದಗಲಿ ಎಂಬುದೇ ನಮ್ಮ ಅಭಿಮತ.